ನಾಲ್ಕನೆಯ ಹೆಜ್ಜೆಯಲ್ಲಿ ಡಿಕ್ಕಿ, ಮೂರನೆಯ ಹೆಜ್ಜೆಯಲ್ಲಿ ಕಾರಣ: ಜೋಡಿ ನೃತ್ಯದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಬರಹದಲ್ಲಿ ಬರುವ ಇಬ್ಬರನ್ನು ಕ ಮತ್ತು ಖ ಎಂದು ಕರೆಯುತ್ತೇನೆ. ಅವರ ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬಿಟ್ಟಿದ್ದೇನೆ. ಆದರೆ ಹೆಜ್ಜೆ, ತಾಳ ಮತ್ತು ಭಾರಕ್ಕೆ ಸಂಬಂಧಿಸಿದ ಯಾವ ಸಂಗತಿಯನ್ನೂ ಬದಲಿಸಿಲ್ಲ. ಕ ಅವರು ಲೀಡರ್, ಅಂದರೆ ಜೋಡಿಯನ್ನು ಮುನ್ನಡೆಸುವವರು. ಖ ಅವರು ಫಾಲೋವರ್, ಅಂದರೆ ಅನುಸರಿಸುವವರು. ಸುಮಾರು ಎಂಟು ತಿಂಗಳಿಂದ ವಾರಕ್ಕೆ ಎರಡು ತರಗತಿಗಳಂತೆ ನನ್ನ ಬಳಿ ಸ್ಲೋ ವಾಲ್ಟ್ಜ್ ಎಂಬ ಪಾಶ್ಚಾತ್ಯ ಬಾಲ್‌ರೂಮ್ ಜೋಡಿ ನೃತ್ಯ ಕಲಿಯುತ್ತಿದ್ದ ಈ ಇಬ್ಬರೂ ತರಗತಿ ತಪ್ಪಿಸದವರು, ಹೇಳಿದ್ದನ್ನು ಮನೆಯಲ್ಲಿ ಅಭ್ಯಾಸ ಮಾಡಿ ಬರುವವರು. ಇದನ್ನು ಮೊದಲೇ ಹೇಳಲು ಕಾರಣವಿದೆ: ಮುಂದೆ ಬರುವ ತೊಂದರೆ ಅಸಡ್ಡೆಯಿಂದ ಹುಟ್ಟಿದ್ದಲ್ಲ. ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರಿಂದಲೇ ಅದು ಅಷ್ಟು ಆಳವಾಗಿ ಬೇರೂರಿತ್ತು.

ತೊಂದರೆ ಕಾಣಿಸಿಕೊಂಡದ್ದು ನ್ಯಾಚುರಲ್ ಟರ್ನ್‌ನಲ್ಲಿ, ಅಂದರೆ ಬಲಕ್ಕೆ ತಿರುಗುವ ಆರು ಹೆಜ್ಜೆಗಳ ಚಲನೆಯಲ್ಲಿ. ವಾಲ್ಟ್ಜ್‌ನ ಒಂದು ಬಾರ್‌ಗೆ, ಅಂದರೆ ತಾಳದ ಒಂದು ಆವರ್ತಕ್ಕೆ, ಮೂರು ಬೀಟ್‌ಗಳು. ಆರು ಹೆಜ್ಜೆಗೆ ಎರಡು ಬಾರ್‌ಗಳು. ಲೀಡರ್ ಬಲಗಾಲನ್ನು ಮುಂದಿಟ್ಟು ಆರಂಭಿಸುತ್ತಾರೆ, ಎಡಗಾಲನ್ನು ಪಕ್ಕಕ್ಕೆ ಇಡುತ್ತಾರೆ, ಬಲಗಾಲನ್ನು ಎಡಗಾಲಿಗೆ ಜೋಡಿಸುತ್ತಾರೆ. ನಾಲ್ಕನೆಯ ಹೆಜ್ಜೆಯಲ್ಲಿ ಎಡಗಾಲು ಹಿಂದಕ್ಕೆ ಹೋಗುತ್ತದೆ, ಐದರಲ್ಲಿ ಬಲಗಾಲು ಪಕ್ಕಕ್ಕೆ, ಆರರಲ್ಲಿ ಎಡಗಾಲು ಅದಕ್ಕೆ ಜೋಡಣೆ. ಫಾಲೋವರ್ ಮೊದಲ ಮೂರರಲ್ಲಿ ಹಿಂದಕ್ಕೆ ಸಾಗಿ, ನಾಲ್ಕನೆಯದರಲ್ಲಿ ಬಲಗಾಲನ್ನು ಮುಂದಿಡುತ್ತಾರೆ. ಮೊದಲ ಬಾರ್‌ನಲ್ಲಿ ಮುಂದೆ ಸಾಗುವವರು ಲೀಡರ್, ಎರಡನೆಯ ಬಾರ್‌ನಲ್ಲಿ ಫಾಲೋವರ್. ಈ ಅದಲುಬದಲು ಆಗುವುದು ಮೂರನೆಯ ಹೆಜ್ಜೆಯ ಕೊನೆಗೂ ನಾಲ್ಕನೆಯದರ ಆರಂಭಕ್ಕೂ ನಡುವಿನ ಬಹಳ ಸಣ್ಣ ಅವಧಿಯಲ್ಲಿ. ನಮ್ಮ ಪ್ರಕರಣವೆಲ್ಲ ಆ ಅವಧಿಯೊಳಗೇ ಇದೆ.

ಸಮಸ್ಯೆ

ನಾಲ್ಕನೆಯ ಹೆಜ್ಜೆಯಲ್ಲಿ ಖ ಅವರ ಬಲ ಮೊಣಕಾಲು ಕ ಅವರ ಎಡ ಮೊಣಕಾಲಿಗೆ ತಾಗುತ್ತಿತ್ತು. ಎಂದೋ ಒಮ್ಮೆಯಲ್ಲ, ಹತ್ತು ಸಲ ಮಾಡಿದರೆ ಆರೇಳು ಸಲ. ಒಮ್ಮೊಮ್ಮೆ ಮೊಣಕಾಲಿನ ಬದಲು ಪಾದವೇ ಪಾದದ ಮೇಲೆ ಬೀಳುತ್ತಿತ್ತು. ಡಿಕ್ಕಿಯಾದೊಡನೆ ಇಬ್ಬರೂ ಬೀಟ್ ಕಳೆದುಕೊಂಡು ನಿಂತುಬಿಡುತ್ತಿದ್ದರು. ವಾಲ್ಟ್ಜ್‌ನಲ್ಲಿ ಜೋಡಿಗಳೆಲ್ಲ ಸಭಾಂಗಣದ ಸುತ್ತ ಅಪ್ರದಕ್ಷಿಣವಾಗಿ ಸಾಗುವುದರಿಂದ, ಒಂದು ಜೋಡಿ ನಿಂತರೆ ಹಿಂದೆ ಬರುವವರೂ ತಡೆದು ನಿಲ್ಲಬೇಕಾಗುತ್ತದೆ. ಇದು ಇಬ್ಬರಿಗೂ ಮುಜುಗರ ತಂದಿತ್ತು.

ನೋಡುವವರ ಕಣ್ಣಿಗೆ ತಪ್ಪು ಖ ಅವರದೆಂದೇ ತೋರುತ್ತಿತ್ತು. ಮುಂದಕ್ಕೆ ಬಂದು ತಾಗುವುದು ಅವರ ಕಾಲು. ಹಿಂದಕ್ಕೆ ಸರಿಯಬೇಕಾದವರು ಇನ್ನೂ ಸರಿಯುತ್ತಿರುವಾಗಲೇ ಅವರು ನುಗ್ಗಿದಂತೆ ಕಾಣುತ್ತಿತ್ತು. ನಾನೂ ಹಾಗೆಯೇ ನೋಡಿದೆ. "ನೀವು ಸ್ವಲ್ಪ ಕಾಯಬೇಕು, ಲೀಡ್ ಬರುವ ಮೊದಲೇ ಹೊರಡುತ್ತಿದ್ದೀರಿ" ಎಂದು ಖ ಅವರಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಈಗ ಹಿಂತಿರುಗಿ ನೋಡಿದರೆ ಆ ಮಾತಿನ ಬಗ್ಗೆ ನನಗೆ ಬೇಸರವಿದೆ.

ಡಿಕ್ಕಿಗೂ ಹೆಚ್ಚು ಕಳವಳ ಹುಟ್ಟಿಸಿದ್ದು ಅದರ ಸುತ್ತ ಬೆಳೆದ ರೂಢಿಗಳು. ಖ ಅವರು ನಾಲ್ಕನೆಯ ಹೆಜ್ಜೆ ಬರುವ ಮುನ್ನವೇ ಸೊಂಟದಿಂದ ಮೇಲಿನ ದೇಹವನ್ನು ಹಿಂದಕ್ಕೆ ವಾಲಿಸತೊಡಗಿದರು. ಅದರಿಂದ ಕ ಅವರ ಬಲಗೈಗೆ ಎಳೆತ ಬಿತ್ತು. ಸಮತೋಲ ತಪ್ಪದಿರಲೆಂದು ಅವರು ಖ ಅವರನ್ನು ತಮ್ಮತ್ತ ಸೆಳೆದುಕೊಳ್ಳತೊಡಗಿದರು. ಸೆಳೆದಷ್ಟೂ ಖ ಅವರು ಇನ್ನಷ್ಟು ವಾಲಿದರು. ಎರಡು ತಿಂಗಳ ಹೊತ್ತಿಗೆ ಇಬ್ಬರ ಭುಜಗಳೂ ಕಿವಿಯತ್ತ ಏರಿದ್ದವು, ಇಬ್ಬರೂ ನೆಲ ನೋಡುತ್ತಾ ಕುಣಿಯುತ್ತಿದ್ದರು.

ಮೊದಲು ಮಾಡಿದ ಪ್ರಯತ್ನಗಳು

ಕಣ್ಣಿಗೆ ಕಂಡದ್ದು ಕೈಗಳ ಎಳೆದಾಟ. ಆದ್ದರಿಂದ ಮೊದಲು ಫ್ರೇಮ್, ಅಂದರೆ ಜೋಡಿಯ ತೋಳು ಮತ್ತು ಬೆನ್ನಿನ ಹಿಡಿತದ ನಿಲುವನ್ನು, ಸರಿಪಡಿಸಲು ಹೊರಟೆವು. ಮೊಣಕೈಗಳ ಎತ್ತರ, ಬೆನ್ನಿನ ಮೇಲೆ ಲೀಡರ್‌ನ ಅಂಗೈ ಕೂರುವ ಜಾಗ, ಖ ಅವರ ಎಡಗೈ ಲೀಡರ್‌ನ ತೋಳಿನ ಮೇಲೆ ಹಗುರವಾಗಿ ಇರಬೇಕಾದ ಬಗೆ, ಇವುಗಳಲ್ಲಿ ಮೂರು ವಾರ ಕಳೆಯಿತು. ನಿಂತಾಗ ಜೋಡಿಯ ನಿಲುವು ನಿಜಕ್ಕೂ ಚೆಂದವಾಯಿತು. ನಾಲ್ಕನೆಯ ಹೆಜ್ಜೆಗೆ ಬಂದಾಗ ಮಾತ್ರ ಮೊಣಕಾಲು ಮೊದಲಿನಂತೆಯೇ ತಾಗಿತು. ಫ್ರೇಮ್ ಗಟ್ಟಿಯಾಗಿದ್ದರಿಂದ ಪೆಟ್ಟಿನ ಅದುರು ಈಗ ನೇರ ಬೆನ್ನಿಗೇ ತಲುಪುತ್ತಿತ್ತು.

ಎರಡನೆಯ ಪ್ರಯತ್ನ ಸಂಗೀತವನ್ನು ನಿಧಾನಗೊಳಿಸುವುದು. ಸ್ಲೋ ವಾಲ್ಟ್ಜ್‌ನ ವಾಡಿಕೆಯ ವೇಗ ನಿಮಿಷಕ್ಕೆ 28ರಿಂದ 30 ಬಾರ್. ನಾವು ಅದನ್ನು 22ಕ್ಕೆ ಇಳಿಸಿದೆವು. ಡಿಕ್ಕಿ ನಿಂತೇಹೋಯಿತು. ನಮಗೆಲ್ಲ ಸಮಾಧಾನವಾಯಿತು, ವೇಗವೇ ತೊಂದರೆ, ನಿಧಾನವಾಗಿ ಕಲಿತು ಮೆಲ್ಲನೆ ಏರಿಸಿದರೆ ಸಾಕು ಎಂದುಕೊಂಡೆವು. ವಾರಕ್ಕೆ ಒಂದೆರಡು ಬಾರ್‌ನಂತೆ ಏರಿಸುತ್ತಾ ಹೋದೆವು. 26ರವರೆಗೆ ಎಲ್ಲವೂ ಸರಿ. 28 ತಲುಪಿದ ದಿನ ಮೊದಲ ನ್ಯಾಚುರಲ್ ಟರ್ನ್‌ನಲ್ಲೇ ಡಿಕ್ಕಿ ಮರಳಿ ಬಂತು. ನಿಧಾನದ ಸಂಗೀತ ದೋಷವನ್ನು ಅಳಿಸಿರಲಿಲ್ಲ, ಅದು ಅಡಗಲು ಜಾಗ ಕೊಟ್ಟಿತ್ತು ಅಷ್ಟೇ. ನಿಮಿಷಕ್ಕೆ 22 ಬಾರ್ ಎಂದರೆ ಒಂದು ಬೀಟ್‌ಗೆ ಸುಮಾರು 0.9 ಸೆಕೆಂಡು, ತಪ್ಪಾಗಿ ನಿಂತವರೂ ಆ ಅವಧಿಯಲ್ಲಿ ಸರಿಪಡಿಸಿಕೊಂಡು ಹೊರಡಬಹುದು. 30 ಬಾರ್‌ನಲ್ಲಿ ಅದೇ ಬೀಟ್ ಸುಮಾರು 0.67 ಸೆಕೆಂಡಿಗೆ ಇಳಿಯುತ್ತದೆ, ಸರಿಪಡಿಸಿಕೊಳ್ಳಲು ಸಮಯ ಉಳಿಯುವುದಿಲ್ಲ.

ಮೂರನೆಯ ಪ್ರಯತ್ನವೇ ನನ್ನ ಅತಿ ಕೆಟ್ಟ ನಿರ್ಧಾರ. ನಾಲ್ಕನೆಯ ಹೆಜ್ಜೆಯನ್ನು ಗಿಡ್ಡ ಮಾಡುವಂತೆ ಖ ಅವರಿಗೆ ಹೇಳಿದೆ. ಅವರು ಮಾಡಿದರು. ಡಿಕ್ಕಿ ಕಡಿಮೆಯಾಯಿತು, ಆದರೆ ನೃತ್ಯವೇ ಬತ್ತಿಹೋಯಿತು. ಎರಡನೆಯ ಬಾರ್‌ನಲ್ಲಿ ಜೋಡಿಯನ್ನು ಸಾಗಿಸುವ ಶಕ್ತಿ ಬರಬೇಕಾದದ್ದು ಫಾಲೋವರ್‌ನ ಆ ಮುಂದಿನ ಹೆಜ್ಜೆಯಿಂದಲೇ. ಅದು ಗಿಡ್ಡವಾದಾಗ ಹಿಂದಕ್ಕೆ ಹೋಗುತ್ತಿರುವ ಲೀಡರ್, ಎದುರಿನವರನ್ನು ಕೈಯಿಂದ ಎಳೆದುಕೊಂಡು ಹೋಗದೆ ಬೇರೆ ದಾರಿಯಿಲ್ಲ. ಎಳೆಯಬೇಡಿ ಎಂದು ಕ ಅವರಿಗೆ ಒಂದು ಕಡೆ ಹೇಳುತ್ತಾ, ಇನ್ನೊಂದು ಕಡೆ ಎಳೆಯಲೇಬೇಕಾದ ಸ್ಥಿತಿಯನ್ನು ನಾನೇ ತಂದಿಟ್ಟಿದ್ದೆ.

ತಿರುವು

ಒಂದು ಸಂಜೆ ಮತ್ತೆ "ಕಾಯಿರಿ" ಎಂದಾಗ ಖ ಅವರು ಕೈ ಬಿಡಿಸಿಕೊಂಡು ಶಾಂತವಾಗಿಯೇ ಕೇಳಿದರು: "ಕಾಯ್ತೀನಿ ಮೇಡಂ. ಆದರೆ ಯಾವುದಕ್ಕೆ ಕಾಯಬೇಕು ಅಂತ ಹೇಳಿ. ಆ ಜಾಗದಲ್ಲಿ ನನಗೆ ಏನೂ ಗೊತ್ತಾಗಲ್ಲ."

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ಅಷ್ಟು ದಿನ ನಾನು ಹೊರಗೆ ನಿಂತು ನೋಡಿದ್ದೆನೇ ಹೊರತು ಖ ಅವರ ಜಾಗದಲ್ಲಿ ನಿಂತು ನೋಡಿರಲಿಲ್ಲ. ಅಂದೇ ಫಾಲೋವರ್ ಆಗಿ ಕ ಅವರೊಂದಿಗೆ ನ್ಯಾಚುರಲ್ ಟರ್ನ್ ಮಾಡಿದೆ. ಮೊದಲ ಹೆಜ್ಜೆ ಸ್ಪಷ್ಟವಾಗಿತ್ತು, ಎರಡನೆಯದು ಸ್ವಲ್ಪ ದೊಡ್ಡದೆನಿಸಿದರೂ ಅರ್ಥವಾಯಿತು. ಮೂರನೆಯದರ ಕೊನೆಯಲ್ಲಿ ಮಾತ್ರ ಕ ಅವರ ದೇಹದಿಂದ ನನಗೆ ಯಾವ ಸುಳಿವೂ ಬರಲಿಲ್ಲ. ಅವರು ಕೆಳಗಿಳಿಯುತ್ತಿದ್ದಾರೆ ಎಂಬುದು ತಿಳಿಯುತ್ತಿತ್ತು. ಯಾವ ಕಾಲಿನ ಮೇಲೆ ಎಂಬುದು ತಿಳಿಯುತ್ತಿರಲಿಲ್ಲ. ಮುಂದಿನ ಹೆಜ್ಜೆಗೆ ಸಂಗೀತ ಕರೆಯುತ್ತಿತ್ತು, ಹಾಗಾಗಿ ಹೊರಟೆ. ನನ್ನ ಮೊಣಕಾಲೂ ತಾಗಿತು.

ಮುಂದಿನ ತರಗತಿಯಲ್ಲಿ ಮೊಬೈಲನ್ನು ನೆಲದ ಮೇಲೆ ಗೋಡೆಗೆ ಒರಗಿಸಿಟ್ಟು, ಮೊಣಕಾಲಿನಿಂದ ಕೆಳಗಿನ ಭಾಗವಷ್ಟೇ ಕಾಣುವಂತೆ ವಿಡಿಯೊ ಮಾಡಿದೆವು. ಮುಖ, ಕೈ, ನಿಲುವು ಯಾವುದೂ ಕಾಣದಿದ್ದುದೇ ಒಳ್ಳೆಯದಾಯಿತು. ಕಣ್ಣು ಬೇರೆಡೆಗೆ ಹೋಗುವಂತಿರಲಿಲ್ಲ. ಸಂಗೀತದ ವೇಗ ನಿಮಿಷಕ್ಕೆ 30 ಬಾರ್, ಅಂದರೆ 90 ಬೀಟ್. ವಿಡಿಯೊ ಸೆಕೆಂಡಿಗೆ 30 ಚೌಕಟ್ಟುಗಳದ್ದು, ಅಂದರೆ 30 ಬಿಡಿ ಚಿತ್ರಗಳದ್ದು. ಹಾಗಾಗಿ ಒಂದು ಬೀಟ್‌ಗೆ ಸರಿಯಾಗಿ 20 ಚೌಕಟ್ಟುಗಳು. ಒಂದೊಂದೇ ಚೌಕಟ್ಟನ್ನು ಸರಿಸುತ್ತಾ ಮೂವರೂ ಕುಳಿತು ನೋಡಿದೆವು.

ಮೂರನೆಯ ಬೀಟ್‌ನಲ್ಲಿ ಕ ಅವರ ಬಲಗಾಲು ಎಡಗಾಲಿನ ಪಕ್ಕಕ್ಕೆ ಬಂದು ಸೇರುತ್ತದೆ. ಆ ಹೊತ್ತಿಗೆ ಎರಡೂ ಪಾದಗಳ ಮುಂಭಾಗ ಮಾತ್ರ ನೆಲದ ಮೇಲಿದ್ದು, ಹಿಮ್ಮಡಿಗಳು ಮೇಲಿರುತ್ತವೆ, ಇಲ್ಲಿಯವರೆಗೆ ಸರಿ. ಬೀಟ್ ಮುಗಿಯುತ್ತಾ ಬಂದಂತೆ ಎರಡೂ ಹಿಮ್ಮಡಿಗಳು ಒಟ್ಟಿಗೇ ಕೆಳಗಿಳಿಯುತ್ತವೆ, ಎರಡೂ ಮೊಣಕಾಲುಗಳು ಒಟ್ಟಿಗೇ ಬಾಗುತ್ತವೆ. ಇಳಿಯಬೇಕಾದದ್ದು ಬಲ ಹಿಮ್ಮಡಿ ಮಾತ್ರ, ಭಾರ ಹೊರಬೇಕಾದದ್ದು ಬಲಗಾಲು ಮಾತ್ರ, ಎಡಗಾಲು ಆಗಲೇ ಖಾಲಿಯಾಗಿ ಹಿಂದಕ್ಕೆ ಹೊರಡಲು ಕಾದಿರಬೇಕು. ನಾಲ್ಕನೆಯ ಬೀಟ್‌ನ ಎರಡನೆಯ ಚೌಕಟ್ಟಿನಲ್ಲಿ ಖ ಅವರ ಬಲಗಾಲು ಹೊರಡುತ್ತದೆ. ಸಮಯಕ್ಕೆ ಸರಿಯಾಗಿ. ಕ ಅವರು ಆಗಿನ್ನೂ ಎರಡು ಕಾಲುಗಳ ನಡುವೆ ಹಂಚಿಹೋದ ಭಾರವನ್ನು ಬಲಕ್ಕೆ ಸರಿಸುತ್ತಿದ್ದಾರೆ; ಅವರ ಎಡಗಾಲು ನೆಲ ಬಿಡುವುದು ಎಂಟನೆಯ ಚೌಕಟ್ಟಿನಲ್ಲಿ. ಆರು ಚೌಕಟ್ಟುಗಳ ಅಂತರ, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ. ಡಿಕ್ಕಿಗೆ ಅಷ್ಟು ಸಾಕು.

ತಡವಾಗಿದ್ದವರು ಹಿಂದಕ್ಕೆ ಹೋಗಬೇಕಾದವರು. ನುಗ್ಗುತ್ತಿದ್ದಾರೆ ಎಂದು ನಾವು ತಿಂಗಳುಗಟ್ಟಲೆ ತಿದ್ದಿದವರು ತಾಳದಲ್ಲಿದ್ದರು. ವಿಡಿಯೊ ನೋಡಿ ಕ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಖ ಅವರತ್ತ ತಿರುಗಿ "ಸಾರಿ, ನನಗೆ ನಿಜವಾಗಿ ಗೊತ್ತಿರಲಿಲ್ಲ" ಎಂದರು. ನಾನೂ ಖ ಅವರ ಕ್ಷಮೆ ಕೇಳಿದೆ. ಆ ಕ್ಷಮೆ ಕೇಳದೆ ಮುಂದಿನ ಕೆಲಸ ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಆದರೆ ಭಾರ ಹಂಚಿಹೋಗುತ್ತಿದ್ದುದು ಏಕೆ ಎಂಬ ಪ್ರಶ್ನೆ ಉಳಿದಿತ್ತು. ವಿಡಿಯೊವನ್ನು ಇನ್ನೂ ಹಿಂದಕ್ಕೆ ಸರಿಸಿದಾಗ ಉತ್ತರ ಎರಡನೆಯ ಹೆಜ್ಜೆಯಲ್ಲಿ ಸಿಕ್ಕಿತು. ಪಕ್ಕದ ಹೆಜ್ಜೆಯನ್ನು ಕ ಅವರು ತಮ್ಮ ದೇಹ ತಲುಪಲಾರದಷ್ಟು ಅಗಲ ಇಡುತ್ತಿದ್ದರು. ಪಾದ ದೂರ ಹೋಗುತ್ತಿತ್ತು, ಸೊಂಟ ನಡುವೆಯೇ ಉಳಿಯುತ್ತಿತ್ತು. ಎಡಗಾಲಿನ ಮೇಲೆ ಪೂರ್ತಿ ನಿಲ್ಲದೆ ಬಲಗಾಲನ್ನು ಎಳೆದು ತಂದು ಜೋಡಿಸುವಷ್ಟರಲ್ಲಿ ಬೀಟ್ ಮುಗಿಯುತ್ತಾ ಬಂದಿರುತ್ತಿತ್ತು. ತುದಿಗಾಲಿನಲ್ಲಿ, ಜೋಡಿಸಿದ ಪಾದಗಳ ಕಿರಿದಾದ ಆಧಾರದ ಮೇಲೆ, ಬೀಳುವ ಭಯಕ್ಕೆ ಎರಡೂ ಹಿಮ್ಮಡಿಗಳನ್ನು ಒಟ್ಟಿಗೆ ಊರಿಬಿಡುತ್ತಿದ್ದರು. ದೇಹ ತನ್ನನ್ನು ಕಾಪಾಡಿಕೊಳ್ಳಲು ಮಾಡಿದ ಕೆಲಸ ಅದು. "ಬೀಳಬೇಡಿ" ಎಂದು ಯಾರೂ ಹೇಳದಿದ್ದರೂ ದೇಹ ಕೇಳಿಸಿಕೊಂಡಿತ್ತು.

ಮಾಡಿದ್ದು

ಮೊದಲ ನಿರ್ಧಾರ, ಎರಡು ವಾರ ಇಬ್ಬರೂ ಒಬ್ಬರನ್ನೊಬ್ಬರು ಹಿಡಿಯಬಾರದು ಎಂಬುದು. ಖ ಅವರು ಒಪ್ಪಿದರು, ಕ ಅವರು ಹಿಂಜರಿದರು. ಜೋಡಿ ನೃತ್ಯವನ್ನು ಒಂಟಿಯಾಗಿ ಕಲಿಯುವುದು ಹಿಂದಕ್ಕೆ ಹೋದಂತೆ ಎಂದು ಅವರಿಗನಿಸಿತ್ತು. ಆದರೆ ಹಿಡಿತ ಇರುವವರೆಗೆ ಪ್ರತಿಯೊಬ್ಬರೂ ತಮ್ಮ ಅಸಮತೋಲವನ್ನು ಎದುರಿನವರ ಮೇಲೆ ಹಾಕಿ ನಿಲ್ಲಬಹುದು, ಕಾಲು ಸರಿಯಿಲ್ಲದಿರುವುದು ಗೊತ್ತೇ ಆಗುವುದಿಲ್ಲ. ಹಿಡಿತ ತೆಗೆದರೆ ಆ ಊರುಗೋಲು ಹೋಗುತ್ತದೆ.

ಕ ಅವರಿಗೆ ಕೊಟ್ಟ ಅಭ್ಯಾಸ ಬಹಳ ಸರಳ. ನೆಲದ ಮೇಲೆ ಒಂದು ಬಿಳಿ ಹಾಳೆ. ಅವರು ಮೊದಲ ಮೂರು ಹೆಜ್ಜೆಗಳನ್ನು ಎರಡನೆಯ ಹೆಜ್ಜೆಯ ಎಡಗಾಲು ಹಾಳೆಯ ಮೇಲೆ ಬರುವಂತೆ ಇಡಬೇಕು. ಮೂರನೆಯದರಲ್ಲಿ ಬಲಗಾಲನ್ನು ಪಕ್ಕಕ್ಕೆ ಜೋಡಿಸಿ, ಮೇಲೇರಿದ ನಿಲುವಿನಲ್ಲೇ ತಡೆದು ನಿಲ್ಲಬೇಕು. ಆಗ ನಾನು ಬಗ್ಗಿ ಹಾಳೆಯನ್ನು ಎಳೆಯುತ್ತಿದ್ದೆ. ಭಾರ ಪೂರ್ತಿ ಬಲಗಾಲಿಗೆ ಹೋಗಿದ್ದರೆ ಹಾಳೆ ಸದ್ದಿಲ್ಲದೆ ಜಾರಿ ಬರುತ್ತದೆ. ಮೊದಲ ದಿನ ಅದು ಹರಿಯಿತು. ಹರಿದ ಅರ್ಧ ನನ್ನ ಕೈಯಲ್ಲಿ, ಇನ್ನರ್ಧ ಅವರ ಬೂಟಿನ ಅಡಿಯಲ್ಲಿ. ಅಲ್ಲಿಯವರೆಗೆ ನಾನು ಹೇಳಿದ ಯಾವ ವಿವರಣೆಯೂ ಆ ಹರಿದ ಕಾಗದದಷ್ಟು ಕೆಲಸ ಮಾಡಿರಲಿಲ್ಲ. ನಾಲ್ಕನೆಯ ತರಗತಿಯ ಹೊತ್ತಿಗೆ ಹತ್ತರಲ್ಲಿ ಎಂಟು ಸಲ ಹಾಳೆ ಇಡಿಯಾಗಿ ಬರುತ್ತಿತ್ತು. ಅದಕ್ಕೆ ಮುಖ್ಯ ಕಾರಣ ಎರಡನೆಯ ಹೆಜ್ಜೆ ತಾನಾಗಿ ಕಿರಿದಾದದ್ದು. "ಗಿಡ್ಡ ಇಡಿ" ಎಂದು ನಾನು ಹೇಳಲಿಲ್ಲ. ಸಮಯಕ್ಕೆ ಬಲಗಾಲಿನ ಮೇಲೆ ನಿಲ್ಲಬೇಕೆಂದರೆ ಎಷ್ಟು ಅಗಲ ಸಾಕು ಎಂಬುದನ್ನು ಅವರ ದೇಹವೇ ಕಂಡುಕೊಂಡಿತು.

ಆಮೇಲೆ ಇಳಿಯುವ ಕ್ರಮ. ಬಾಲ್‌ರೂಮ್ ನೃತ್ಯದ ಹೆಜ್ಜೆ ಕೋಷ್ಟಕಗಳಲ್ಲಿ ಪ್ರತಿ ಹೆಜ್ಜೆಗೂ ಪಾದದ ಯಾವ ಭಾಗ ಯಾವಾಗ ನೆಲ ಮುಟ್ಟಬೇಕೆಂದು ನಮೂದಿಸಿರುತ್ತದೆ. ಲಂಡನ್ನಿನ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡ್ಯಾನ್ಸಿಂಗ್ 1924ರಲ್ಲಿ ಬಾಲ್‌ರೂಮ್ ವಿಭಾಗ ತೆರೆದ ಮೇಲೆ ಇಂಥ ವಿವರಗಳು ಒಂದು ವ್ಯವಸ್ಥೆಗೆ ಬಂದವು. ಕೋಷ್ಟಕದಲ್ಲಿ ಮೂರನೆಯ ಹೆಜ್ಜೆಯ ಎದುರು ಟೋ, ಹೀಲ್ (ಮುಂತುದಿ, ಹಿಮ್ಮಡಿ) ಎಂದಷ್ಟೇ ಇದೆ. ಓದುವಾಗ ಕಣ್ಣು ಅದನ್ನು ದಾಟಿಹೋಗುತ್ತದೆ. ಆದರೆ ಆ ಎರಡು ಪದಗಳ ನಡುವೆ ಇಡೀ ಬೀಟ್ ಇದೆ: ಮುಂಭಾಗದ ಮೇಲೆ ಪೂರ್ತಿ ನಿಲ್ಲುವುದು, ಪಾದದ ಕೀಲನ್ನು ಹಿಡಿದಿಟ್ಟುಕೊಂಡು ಹಿಮ್ಮಡಿಯನ್ನು ಮೆಲ್ಲನೆ ಇಳಿಸುವುದು, ಇಳಿಯುವಾಗಲೇ ಅದೇ ಕಾಲಿನ ಮೊಣಕಾಲನ್ನು ಸಡಿಲಿಸುವುದು. ಫಾಲೋವರ್ ಕಾಯಬೇಕಾದದ್ದು ಈ ಒಂಟಿ ಮೊಣಕಾಲಿನ ಸಡಿಲಕ್ಕೆ. ಖ ಅವರ ಪ್ರಶ್ನೆಗೆ ಉತ್ತರ ಅದೇ. ಕ ಅವರು ಅಂದಿನವರೆಗೆ ಆ ಉತ್ತರವನ್ನು ಅವರಿಗೆ ಕೊಡುತ್ತಲೇ ಇರಲಿಲ್ಲ.

ನಾಲ್ಕನೆಯ ಹೆಜ್ಜೆಯಲ್ಲೂ ಒಂದು ತಿದ್ದುಪಡಿ ಬೇಕಾಯಿತು. ಎಡಗಾಲು ಹಿಂದಕ್ಕೆ ಹೋದೊಡನೆ ಕ ಅವರು ಅದರ ಹಿಮ್ಮಡಿಯನ್ನೂ ಊರಿ, ಹಿಂದಕ್ಕೆ ಬಿದ್ದವರಂತೆ ನಿಲ್ಲುತ್ತಿದ್ದರು. ಹಿಂದಕ್ಕೆ ಹೆಜ್ಜೆ ಇಡುವಾಗ ಮೊದಲು ಬೆರಳ ತುದಿ, ಆಮೇಲೆ ಪಾದದ ಮುಂಭಾಗ ನೆಲ ಮುಟ್ಟಬೇಕು. ಮುಂದಿರುವ ಕಾಲು ಹತ್ತಿರಕ್ಕೆ ಬರುವವರೆಗೆ ಹಿಂದಿನ ಹಿಮ್ಮಡಿ ತಡೆದು ನಿಲ್ಲಬೇಕು. ಇದನ್ನು ಸಭಾಂಗಣದ ಉದ್ದಕ್ಕೂ ಹಿಮ್ಮುಖ ನಡಿಗೆಯಾಗಿ ಅಭ್ಯಾಸ ಮಾಡಿಸಿದೆ. ಇದು ಬೇಗ ಬಂತು.

ಬೇಗ ಬರದಿದ್ದದ್ದು ಖ ಅವರ ಹೆಜ್ಜೆ. ಕ ಅವರ ದೋಷ ಸರಿಹೋದ ಮೇಲೂ ಖ ಅವರು ಮೊದಲಿನಂತೆಯೇ ಹಿಂದಕ್ಕೆ ವಾಲುತ್ತಿದ್ದರು, ಹೆಜ್ಜೆ ಗಿಡ್ಡವಾಗಿಯೇ ಇತ್ತು. ಪೆಟ್ಟು ಬೀಳುವುದಿಲ್ಲ ಎಂದು ಅವರ ಬುದ್ಧಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕಾರಣ ಹೋದರೆ ಪರಿಣಾಮವೂ ಹೋಗುತ್ತದೆ ಎಂದುಕೊಂಡಿದ್ದೆ. ಖ ಅವರು ಮತ್ತೆ ನಂಬಲು ಕ ಅವರ ಕಾಲು ಸರಿಹೋಗಲು ಹಿಡಿದದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಅದಕ್ಕೆ ಪೂರ್ತಿ ಹಿಡಿತದ ಬದಲು ಅಂಗೈಗೆ ಅಂಗೈ ತಾಗಿಸಿ ನಿಲ್ಲಿಸಿದೆ. ಇಬ್ಬರ ನಡುವೆ ತೋಳಿನಷ್ಟು ಜಾಗ. ಕ ಅವರು ಬಲಗಾಲಿನ ಮೇಲೆ ಇಳಿದು ಹಿಂದಕ್ಕೆ ಹೆಜ್ಜೆ ಇಡುತ್ತಾರೆ, ಖ ಅವರು ಹಿಮ್ಮಡಿ ಮೊದಲಾಗಿ ಪೂರ್ತಿ ಉದ್ದದ ಹೆಜ್ಜೆ ಮುಂದಿಡುತ್ತಾರೆ. ಅಷ್ಟೇ, ಅದೊಂದೇ ಹೆಜ್ಜೆ. ಒಂದು ತರಗತಿಯಲ್ಲಿ ಸುಮಾರು ನಲವತ್ತು ಸಲ. ಖ ಅವರು ಕಣ್ಣು ಮುಚ್ಚಿ ಮಾಡಲು ಶುರುಮಾಡಿದ ದಿನ ವಾಲುವುದು ಕಡಿಮೆಯಾಯಿತು. ಎದುರಿನ ಕಾಲನ್ನು ನೋಡುತ್ತಾ ಅಳೆಯುವುದು ನಿಂತು, ಅಂಗೈಯಲ್ಲಿ ಬರುವ ಇಳಿತವನ್ನು ಕೇಳಿಸಿಕೊಳ್ಳತೊಡಗಿದರು. ನಡುವಿನ ಜಾಗವನ್ನು ಪ್ರತಿ ತರಗತಿಗೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ, ನಾಲ್ಕನೆಯ ವಾರದ ಕೊನೆಗೆ ಪೂರ್ತಿ ಹಿಡಿತಕ್ಕೆ ಬಂದೆವು.

ಸಂಗೀತದ ವಿಷಯದಲ್ಲಿ ಹಿಂದಿನ ಪಾಠ ನೆನಪಿತ್ತು. ಅಭ್ಯಾಸ ನಿಧಾನದಲ್ಲೇ ನಡೆಯಿತು, ಆದರೆ ಪ್ರತಿ ತರಗತಿಯ ಕೊನೆಯಲ್ಲಿ ಒಮ್ಮೆ 30 ಬಾರ್ ವೇಗದಲ್ಲಿ ಮಾಡಿಸಿ ಪಾದಗಳ ವಿಡಿಯೊ ತೆಗೆಯುತ್ತಿದ್ದೆ. ನಿಧಾನ ಕಲಿಯಲು, ಪೂರ್ಣ ವೇಗ ಪರೀಕ್ಷಿಸಲು. ನಿಧಾನದಲ್ಲಿ ಸರಿಯಾದದ್ದನ್ನು ಸರಿಯಾಯಿತು ಎಂದು ಒಪ್ಪುವುದನ್ನು ಬಿಟ್ಟೆ.

ಫಲಿತಾಂಶ

ಏಳನೆಯ ವಾರದ ವಿಡಿಯೊದಲ್ಲಿ ಖ ಅವರ ಬಲಗಾಲು ಮತ್ತು ಕ ಅವರ ಎಡಗಾಲು ಹೊರಡುವುದರ ನಡುವೆ ಒಂದು ಚೌಕಟ್ಟಿನ ಅಂತರವಿತ್ತು. ಕೆಲವು ಸಲ ಅದೂ ಇರಲಿಲ್ಲ. ಡಿಕ್ಕಿ ನಿಂತಿತು. ಕೈಗಳ ಬಗ್ಗೆ ಆ ಏಳು ವಾರಗಳಲ್ಲಿ ನಾನು ಒಂದು ಮಾತೂ ಆಡಿರಲಿಲ್ಲ, ಆದರೂ ಕ ಅವರ ಬಲಗೈ ಎಳೆಯುವುದನ್ನು ಬಿಟ್ಟಿತ್ತು, ಭುಜಗಳು ಇಳಿದಿದ್ದವು. ಮೂರು ವಾರ ಫ್ರೇಮ್ ಮೇಲೆ ಮಾಡಿದ ಕೆಲಸ ಆಗ ಫಲ ಕೊಟ್ಟಿತು. ಅದು ವ್ಯರ್ಥವಾಗಿರಲಿಲ್ಲ, ಸರದಿ ತಪ್ಪಿತ್ತು.

ಎಲ್ಲವೂ ಮುಗಿಯಿತೆಂದು ಹೇಳುವಂತಿಲ್ಲ. ಸಭಾಂಗಣ ತುಂಬಿದ್ದು, ಮುಂದಿನ ಜೋಡಿಯನ್ನು ತಪ್ಪಿಸಲು ಕ ಅವರು ತಿರುವನ್ನು ಥಟ್ಟನೆ ಕಿರಿದಾಗಿಸಬೇಕಾದಾಗ ಎರಡೂ ಹಿಮ್ಮಡಿಗಳು ಇಂದಿಗೂ ಒಟ್ಟಿಗೆ ಇಳಿಯುತ್ತವೆ. ವ್ಯತ್ಯಾಸವೆಂದರೆ ಅದು ಈಗ ಅವರಿಗೇ ತಿಳಿಯುತ್ತದೆ, ಮುಂದಿನ ಬಾರ್‌ನಲ್ಲಿ ತಿದ್ದಿಕೊಳ್ಳುತ್ತಾರೆ. ಎಡಕ್ಕೆ ತಿರುಗುವ ರಿವರ್ಸ್ ಟರ್ನ್‌ನಲ್ಲಿ ಮೂರನೆಯ ಹೆಜ್ಜೆಗೆ ಜೋಡಿಸುವುದು ಎಡಗಾಲನ್ನು. ಅವರಿಗೆ ಎಡಗಾಲಿನ ಸಮತೋಲ ಮೊದಲಿನಿಂದಲೂ ಚೆನ್ನಾಗಿದ್ದುದರಿಂದ ಅಲ್ಲಿ ಈ ದೋಷ ಕಂಡಿರಲೇ ಇಲ್ಲ. ಎರಡು ತಿರುವುಗಳನ್ನು ಹೋಲಿಸಿ ನೋಡಿದ್ದರೆ ಉತ್ತರ ನನಗೆ ತಿಂಗಳುಗಳ ಮುಂಚೆಯೇ ಸಿಗುತ್ತಿತ್ತು. ಒಂದು ಬದಿಗೆ ಡಿಕ್ಕಿ, ಇನ್ನೊಂದು ಬದಿಗೆ ಇಲ್ಲ ಎಂದಾಗ ಖ ಅವರ ಆತುರ ಕಾರಣವಾಗಿರಲು ಸಾಧ್ಯವೇ ಇರಲಿಲ್ಲ. ಆತುರ ಎರಡೂ ಬದಿಗೆ ಇರಬೇಕಿತ್ತು.

ಈ ಪ್ರಕರಣದ ನಂತರ ನನ್ನ ಕಲಿಸುವ ಕ್ರಮದಲ್ಲಿ ಕೆಲವು ಬದಲಾದವು. ಜೋಡಿಗೆ ತೊಂದರೆ ಕಂಡ ಹೆಜ್ಜೆಯನ್ನು ಅಲ್ಲಿಯೇ ತಿದ್ದಲು ಹೋಗುವುದಿಲ್ಲ; ಅದರ ಹಿಂದಿನ ಎರಡು ಹೆಜ್ಜೆಗಳಲ್ಲಿ ಭಾರ ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ಯಾರ ತಪ್ಪು ಎಂದು ಹೇಳುವ ಮೊದಲು ಇಬ್ಬರ ಜಾಗದಲ್ಲೂ ನಾನೇ ಒಮ್ಮೆ ನಿಲ್ಲುತ್ತೇನೆ. ಫಾಲೋವರ್‌ಗೆ "ಕಾಯಿರಿ" ಎನ್ನಬೇಕಾದರೆ ಯಾವ ಸುಳಿವಿಗೆ ಕಾಯಬೇಕೆಂದು ಅದೇ ವಾಕ್ಯದಲ್ಲಿ ಹೇಳುತ್ತೇನೆ. ಆ ಸುಳಿವು ಬರುತ್ತಿಲ್ಲವಾದರೆ ನನ್ನ ಮಾತು ಲೀಡರ್ ಕಡೆಗೆ ತಿರುಗುತ್ತದೆ. ಹೊಸ ಲೀಡರ್‌ಗಳಿಗೆ ಈಗ ಮೊದಲ ತಿಂಗಳಲ್ಲೇ ಹಾಳೆಯ ಅಭ್ಯಾಸ ಕೊಡುತ್ತೇನೆ, ಎರಡೂ ಕಾಲಿಗೆ.

ಕಳೆದ ವಾರ ಕ ಮತ್ತು ಖ ಅವರೊಂದಿಗೆ ಮೊದಲ ಸಲ ಎರಡು ನ್ಯಾಚುರಲ್ ಟರ್ನ್‌ಗಳ ನಡುವೆ ಕ್ಲೋಸ್ಡ್ ಚೇಂಜ್ (ಒಂದು ತಿರುವಿನಿಂದ ಇನ್ನೊಂದಕ್ಕೆ ದಾಟಿಸುವ ಮೂರು ಹೆಜ್ಜೆ), ರಿವರ್ಸ್ ಟರ್ನ್ ಸೇರಿಸಿ ಸಭಾಂಗಣದ ಪೂರ್ತಿ ಒಂದು ಸುತ್ತು ಮಾಡಿಸಿದೆ. ಖ ಅವರ ನಾಲ್ಕನೆಯ ಹೆಜ್ಜೆಯಲ್ಲಿ ಹಿಮ್ಮಡಿ ನೆಲ ಮುಟ್ಟುವ ಮೆಲುಸದ್ದು ಸಂಗೀತದ ನಡುವೆಯೂ ಕೇಳುತ್ತಿತ್ತು. ಸುತ್ತು ಮುಗಿದಾಗ ಇಬ್ಬರೂ ನೆಲ ನೋಡುತ್ತಿರಲಿಲ್ಲ.